ಎದೆ ಬಿಚ್ಚಿಸಿಕೊಂಡವನ ಸ್ತೋತ್ರ

ದೇವರನ್ನು ನಂಬಿದವರ ಮನೆಯಲ್ಲಿ ಎಲ್ಲವೂ ಶಾಂತವಾಗಿ, ಗಂಭೀರವಾಗಿ ನಡೆಯುತ್ತದೆ ಎಂದು ನೀವು ಅಂದುಕೊಂಡಿದ್ದರೆ ನಮ್ಮ ಮನೆಗೆ ಒಮ್ಮೆ ಬರಬೇಕು. ನಾವು ಪ್ರಾರ್ಥನೆಗೆ ಕಣ್ಣು ಮುಚ್ಚಿದ ತಕ್ಷಣ ಕುಕ್ಕರ್ ಕೂಗುತ್ತದೆ. ಉಪವಾಸ ಹಿಡಿದ ದಿನವೇ ನೆಂಟರು ಬಿರಿಯಾನಿಯ ಡಬ್ಬಿ ಹಿಡಿದು ಬರುತ್ತಾರೆ. ಇಂಥದ್ದು ವರ್ಷಕ್ಕೆ ಒಂದೆರಡು ಸಲವಾದರೆ ಕಾಕತಾಳೀಯ ಎನ್ನಬಹುದು. ವಾರಕ್ಕೆರಡು ಸಲವಾದರೆ ದೇವರಿಗೂ ನಮ್ಮ ಮನೆ ಕಂಡರೆ ಸ್ವಲ್ಪ ಸಲಿಗೆ ಎಂದೇ ಹೇಳಬೇಕು.

ನಾನು ಬ್ಯಾಂಕಿನವನು. ಊರು ಗದಗದ ಬೆಟಗೇರಿ. ವರ್ಗಾವಣೆಯಲ್ಲಿ ಮೊದಲು ಕೊಚ್ಚಿಗೆ ಬಂದೆ, ಅಲ್ಲಿ ನಾಲ್ಕು ವರ್ಷ ಕಳೆದ ಮೇಲೆ ತಿರುವನಂತಪುರಕ್ಕೆ. ಜೊತೆಗೆ ಹೆಂಡತಿ, ಮಗಳು, ಅವ್ವ. ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ. ಅವ್ವನಿಗೆ ಬೆಟಗೇರಿ ಕನ್ನಡ ಬಿಟ್ಟು ಇನ್ನೊಂದು ಭಾಷೆ ಗೊತ್ತಿಲ್ಲ. ಕಲಿಯಬಾರದೇ ಅಂದರೆ, "ದೇವರಿಗೆ ಕನ್ನಡ ಬರ್ತೈತಿ, ನನಗ ಅಷ್ಟ ಸಾಕು" ಎನ್ನುತ್ತಾಳೆ.

ಕಳೆದ ವರ್ಷ ಡಾಕ್ಟರುಗಳು ನನ್ನ ಎದೆ ಬಿಚ್ಚಿ ಒಳಗೆ ಮೂರು ಹೊಸ ದಾರಿ ಹಾಕಿದರು. ಇದನ್ನು ನಾನೇ ಕೂತು ಬರೆಯುತ್ತಿರುವುದರಿಂದ ಉಳಿದೆನೋ ಇಲ್ಲವೋ ಎಂಬ ಕುತೂಹಲ ನಿಮಗಿಲ್ಲ. ಆಗ ನಮಗಿತ್ತು. ಆ ಭಯದ ನಡುವೆಯೂ ನಮ್ಮ ಮನೆಯವರು ನನ್ನನ್ನು ನಗಿಸದೆ ಬಿಡಲಿಲ್ಲ. ಅದಕ್ಕೆ ಋಣಿಯಾಗಿ ಈ ನಾಲ್ಕು ಮಾತು.

ತೋಮ ಹೋದ ಮನೆ

ಕೊಚ್ಚಿಯಲ್ಲಿ ನಮ್ಮ ಬಾಡಿಗೆ ಮನೆ ಕಳಮಶ್ಶೇರಿಯಲ್ಲಿತ್ತು. ಮೇಲೆ ನಾವು, ಕೆಳಗೆ ಮಾಲೀಕರು, ವಯಸ್ಸಾದ ದಂಪತಿ. ಅವರನ್ನು ಎಲ್ಲರೂ ಕರೆಯುವಂತೆ ನಾವೂ ಅಮ್ಮಚ್ಚಿ, ಅಪ್ಪಚ್ಚನ್ ಎಂದೇ ಕರೆಯುತ್ತಿದ್ದೆವು. ಮನೆ ಹೊಕ್ಕ ಮೊದಲನೇ ಭಾನುವಾರ ಅಮ್ಮಚ್ಚಿ ಬಿಳಿ ಸೆರಗು ಸರಿಪಡಿಸಿಕೊಂಡು ಮೇಲೆ ಬಂದರು. ಚಹಾ ಕುಡಿದು ನೇರ ವಿಷಯಕ್ಕೆ ಬಂದರು. "ಮೋನೇ, ಮಗನೇ, ನಿಮ್ಮ ಮನೆತನ ಯಾವ ಕಾಲದಲ್ಲಿ ಕ್ರಿಶ್ಚಿಯನ್ ಆದದ್ದು?"

ನಾನು ಸಂಕೋಚದಿಂದ, ಜರ್ಮನಿಯಿಂದ ಬಂದ ಪಾದ್ರಿಗಳ ಕಾಲದಲ್ಲಿ, ನಮ್ಮ ಮುತ್ತಜ್ಜ ನೇಕಾರನಾಗಿದ್ದಾಗ ಎಂದೆ. ಅಮ್ಮಚ್ಚಿ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನನ್ನು ನೋಡುವಂತೆ ನನ್ನನ್ನು ನೋಡಿ, ತಮ್ಮ ಮನೆತನಕ್ಕೆ ಸ್ನಾನದೀಕ್ಷೆ ಕೊಟ್ಟದ್ದು ಸಾಕ್ಷಾತ್ ಯೇಸುವಿನ ಶಿಷ್ಯ ತೋಮ ಎಂದರು. ಕಡಲು ದಾಟಿ ಬಂದವನು ಸುತ್ತಿ ಬಳಸದೆ ಇವರ ಮನೆಗೇ ಬಂದಿದ್ದನಂತೆ.

ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವ್ವನಿಗೆ ಹೆಸರು ಮಾತ್ರ ತಿಳಿಯಿತು.

"ಯಾವ ತೋಮನಪಾ? ಆ ಸಂಶಯದ ತೋಮ ಏನು? ಗಾಯದಾಗ ಬೆರಳ ಇಟ್ಟ ನೋಡಿದ ಹೊರತು ನಂಬಂಗಿಲ್ಲ ಅಂದಾವ?"

"ಅವ್ವಾ, ಸುಮ್ನಿರು."

"ಸುಮ್ನ್ಯಾಕಿರಲಿ? ಅಂಥಾವನ ಕಡೆ ಕಲತು ಎರಡ ಸಾವಿರ ವರ್ಷ ನಂಬಿಕೋಂತ ಬಂದಾರಂದ್ರ ಇವರ ನಂಬಿಕಿ ಭಾಳ ಗಟ್ಟಿ ಐತಿ ಬಿಡು."

"ಏನಂದರು ಅಮ್ಮ?" ಎಂದರು ಅಮ್ಮಚ್ಚಿ. ನಾನು ಕೊನೆಯ ವಾಕ್ಯದ ಎರಡನೇ ಅರ್ಧವನ್ನಷ್ಟೇ ಅನುವಾದಿಸಿದೆ. ಅಮ್ಮಚ್ಚಿ ಕರಗಿ ನೀರಾದರು. ಅಂದಿನಿಂದ ಪ್ರತಿ ಭಾನುವಾರ ಕೆಳಗಿನಿಂದ ಅಪ್ಪಂ ಮತ್ತು ಸ್ಟ್ಯೂ ಬರತೊಡಗಿತು. ಅಂಚು ಗರಿಗರಿ, ನಡುವೆ ಹತ್ತಿಯಂಥ ಅಪ್ಪವನ್ನು ಮುರಿಯುತ್ತಾ ಅವ್ವ ತೀರ್ಪು ಕೊಟ್ಟಳು. "ತೋಮ ಹೋಗಿ ಹೋಗಿ ಚಲೋ ಮನಿಗೇ ಹೋಗ್ಯಾನ."

ಐವತ್ತು ದಿನದ ಉಪವಾಸ

ಅದೇ ಮನೆಯಲ್ಲಿರುವಾಗ ಬ್ಯಾಂಕಿನವರು ನಮಗೆಲ್ಲ ಆರೋಗ್ಯ ತಪಾಸಣೆ ಮಾಡಿಸಿದರು. ನನ್ನ ರಕ್ತದಲ್ಲಿ ಕೊಬ್ಬು ಜಾಸ್ತಿ ಎಂದು ಬಂತು. ಡಾಕ್ಟರು ಮಾಂಸ ಬಿಡಲು ಹೇಳಿದರು. ನಾನು ನಗುತ್ತಾ ಚೀಟಿಯನ್ನು ಬೈಬಲಿನೊಳಗೆ ಇಟ್ಟೆ. ಹೆಂಡತಿ ಬೈಬಲ್ ದಿನಾ ಓದುವವಳು ಎಂಬುದು ಮರೆತುಹೋಗಿತ್ತು.

ಅವಳಿಗೆ ಚೀಟಿ ಸಿಕ್ಕ ಹೊತ್ತಿಗೆ ಸರಿಯಾಗಿ ಅಮ್ಮಚ್ಚಿಯವರ ನೋಯಂಬು ಶುರುವಾಯಿತು. ಈಸ್ಟರಿಗೆ ಮೊದಲು ಐವತ್ತು ದಿನ ಅವರು ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲ. ನಾವು ಬೆಟಗೇರಿಯ ಪ್ರೊಟೆಸ್ಟೆಂಟರು. ನಮಗೆ ಉಪವಾಸ ಎಂದರೆ ಶುಭ ಶುಕ್ರವಾರ ಒಂದೇ ದಿನ, ಅದೂ ಮಧ್ಯಾಹ್ನ ಮೂರಕ್ಕೆ ಆರಾಧನೆ ಮುಗಿಯುವ ತನಕ. ಹೆಂಡತಿ ಕೇಳಲಿಲ್ಲ. "ಈ ವರ್ಷ ನಾವೂ ಹಿಡಿಯೋಣ ರೀ. ದೇವರಿಗೂ ಆತು, ಡಾಕ್ಟರಿಗೂ ಆತು" ಎಂದಳು. ಅಮ್ಮಚ್ಚಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಹನ್ನೆರಡು ದಿನ ತಡೆದೆ. ಹದಿಮೂರನೇ ದಿನ ಬ್ಯಾಂಕು ಬಿಟ್ಟವನು ಮನೆಗೆ ಹೋಗದೆ ಮೆಟ್ರೋ ಹತ್ತಿದೆ. ಗುರುತಿನವರು ಯಾರೂ ಇರದ ಕಡೆ ಇರಲಿ ಎಂದು ಎಂಟು ಸ್ಟೇಷನ್ ದಾಟಿ ಇಳಿದು, ಒಂದು ಬೇಕರಿಯ ಒಳಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಎರಡು ಮಟನ್ ಕಟ್ಲೆಟ್ ಹೇಳಿದೆ. ಪಕ್ಕದಲ್ಲಿ ಇನ್ನೊಬ್ಬರು ಹಾಗೆಯೇ ಗೋಡೆಗೆ ಮುಖ ಮಾಡಿ ಕೂತಿದ್ದರು. ತಟ್ಟೆಯಲ್ಲಿ ಮೂರು ಕಟ್ಲೆಟ್. ನಾನು ಸಾಸ್ ಬಾಟಲಿಗೆ ಕೈ ಚಾಚಿದೆ, ಅವರೂ ಚಾಚಿದರು. ನಮ್ಮ ಅಪ್ಪಚ್ಚನ್!

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಕಟ್ಲೆಟ್ಟಿಗೆ ಹೋದದ್ದು ಹೇಗೆ ಬರಬೇಕು? ನಾನು ಬಾಟಲಿಯನ್ನು ಅವರ ಕಡೆ ಸರಿಸಿದೆ. ಆಮೇಲೆ ಅಪ್ಪಚ್ಚನ್ ನಿಧಾನವಾಗಿ, "ಊಟಕ್ಕೆ ಮೊದಲು ಪ್ರಾರ್ಥನೆ ಮಾಡೋಣ" ಎಂದರು. ಇಬ್ಬರೂ ತಲೆ ಬಾಗಿಸಿದೆವು. ಊಟ ಕೊಟ್ಟದ್ದಕ್ಕೆ ಸ್ತೋತ್ರ ಹೇಳಿದೆವೋ ಇಲ್ಲವೋ ನೆನಪಿಲ್ಲ. ಅಮ್ಮಚ್ಚಿಗೆ ಗೊತ್ತಾಗದಿರಲಿ ಎಂದು ಇಬ್ಬರೂ ಒಂದೇ ಮನಸ್ಸಿನಿಂದ ಬೇಡಿಕೊಂಡದ್ದು ಮಾತ್ರ ಚೆನ್ನಾಗಿ ನೆನಪಿದೆ. ಸಭೆಗಳ ಐಕ್ಯತೆಯ ಬಗ್ಗೆ ನಾನು ಬಹಳ ಪ್ರಸಂಗ ಕೇಳಿದ್ದೇನೆ, ಕಣ್ಣಾರೆ ಕಂಡದ್ದು ಆ ಬೇಕರಿಯಲ್ಲಿ.

ಗ್ಯಾಸ್

ಆ ಕಟ್ಲೆಟ್ಟುಗಳು ಒಳಗೇ ಕೂತು ಕಾಯುತ್ತಿದ್ದವು. ತಿರುವನಂತಪುರಕ್ಕೆ ಬಂದ ಎರಡನೇ ವರ್ಷ ಎದೆಯಲ್ಲಿ ಒಂದು ಹಿಡಿತ ಶುರುವಾಯಿತು. ತುಂಬಾ ಎಂಬ ಕಡಲ ದಂಡೆಯ ಊರಿನ ಹತ್ತಿರ ಒಂದು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ನಮ್ಮ ಮನೆ. ಮೆಟ್ಟಿಲು ಹತ್ತಿದರೆ ಹಿಡಿಯುವುದು, ನಿಂತರೆ ಬಿಡುವುದು. ನಾನು ಅದಕ್ಕೆ ಗ್ಯಾಸ್ ಎಂದು ಹೆಸರಿಟ್ಟೆ. ಮನೆಯವರೆಲ್ಲ ನಂಬಿ ಉಪಚಾರಕ್ಕೆ ನಿಂತರು. ಅವ್ವ ಇಂಗು ಕೊಟ್ಟಳು, ಹೆಂಡತಿ ಜೀರಿಗೆ ನೀರು ಕೊಟ್ಟಳು, ಮಗಳು ಫೋನಿನಲ್ಲಿ ಯೋಗಾಸನ ತೋರಿಸಿದಳು.

ನಂಬದಿದ್ದವರು ಒಬ್ಬರೇ, ಮೀನಿನ ಚೇಚಿ, ಅಂದರೆ ಮೀನು ಮಾರುವ ಅಕ್ಕ. ಬೆಳಗ್ಗೆ ವಿಳಿಂಜಂ ಬಂದರಿನಿಂದ ಮೀನು ತಂದು, ದೊಡ್ಡ ಅಲ್ಯೂಮಿನಿಯಂ ಬೋಗುಣಿ ತಲೆ ಮೇಲೆ ಹೊತ್ತು ನಮ್ಮ ಕಡೆಗೆಲ್ಲ ಮಾರುತ್ತಿದ್ದರು. ಅವರ ಮನೆ ನಮ್ಮ ಪಕ್ಕದ ಕಡಲ ದಂಡೆಯ ಓಣಿಯಲ್ಲಿ. ಅವರಿಗೂ ಅವ್ವನಿಗೂ ಭಾರೀ ಸ್ನೇಹ. ಇವಳು ಕನ್ನಡದಲ್ಲಿ, ಅವರು ಮಲಯಾಳದಲ್ಲಿ ಅರ್ಧ ಗಂಟೆ ಮಾತಾಡುತ್ತಿದ್ದರು. ಇಬ್ಬರಲ್ಲಿ ಯಾರೂ "ಏನು?" ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಒಂದು ಶನಿವಾರ ಬೆಳಗ್ಗೆ ಹಾಲು ತಂದವನು ಮೆಟ್ಟಿಲ ಮೇಲೆ ನಿಂತುಬಿಟ್ಟೆ. ಮೈಯೆಲ್ಲ ಬೆವರು. ಇಳಿಯುತ್ತಿದ್ದ ಚೇಚಿ ನನ್ನ ಮುಖ ನೋಡಿದರು.

"ಸಾರೇ, ಏನಾಯ್ತು?"

"ಏನಿಲ್ಲ ಚೇಚಿ, ಗ್ಯಾಸ್."

"ಇದು ಗ್ಯಾಸ್ ಅಲ್ಲ. ನನ್ನ ಗಂಡನಿಗೂ ಹೀಗೇ ಗ್ಯಾಸ್ ಬಂದಿತ್ತು."

"ಹೌದಾ? ಈಗ ಹೇಗಿದ್ದಾರೆ?"

"ಹೋಗಿ ಆರು ವರ್ಷ ಆಯ್ತು."

ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಚೇಚಿ ಕೆಳಗಿಂದ ಮೇಲಿನವರೆಗೆ ಕೇಳುವಂತೆ ಕೂಗಿ ಹೆಂಡತಿಯನ್ನು ಕರೆದರು, ಅವಳು ಚಪ್ಪಲಿ ಹುಡುಕುವಷ್ಟರಲ್ಲಿ ಆಟೋ ನಿಲ್ಲಿಸಿ ನನ್ನನ್ನು ತುಂಬಿದರು. ಒಂದು ಕಡೆ ನಾನು, ಒಂದು ಕಡೆ ಚೇಚಿ, ನಡುವೆ ಬೋಗುಣಿ. ಹೆಂಡತಿ ಹಿಂದಿನಿಂದ ಸ್ಕೂಟರಿನಲ್ಲಿ. ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಬೋಗುಣಿಯನ್ನು ತಡೆದ. ಚೇಚಿ ಅದನ್ನು ಅವನ ಕುರ್ಚಿಯ ಮೇಲೇ ಇಟ್ಟು, "ಮೀನು ಹಾಳಾದರೆ ನಾಳೆ ಬೇರೆ ಬರುತ್ತೆ. ಸಾರ್ ಹಾಳಾದರೆ ನೀನು ತಂದುಕೊಡ್ತೀಯಾ?" ಎಂದು ನನ್ನನ್ನು ಒಳಗೆ ನಡೆಸಿದರು. ಆ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

ಡಾಕ್ಟರು ಬಂದರು. ಹಣೆಯ ಮೇಲೆ ಚಂದನದ ಗೆರೆ, ಮುಖದಲ್ಲಿ ಆತುರವೇ ಇಲ್ಲ. ಪರೀಕ್ಷೆಗಳೆಲ್ಲ ಆದ ಮೇಲೆ, ಮೂರು ಕಡೆ ಅಡಚಣೆ ಇದೆ, ಆಪರೇಷನ್ ಮಾಡಲೇಬೇಕು, ಇನ್ನೂ ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಮೆಲ್ಲಗೆ ಹೇಳಿದರು. ಹೆಂಡತಿ ಅಳತೊಡಗಿದಳು. "ಇವರನ್ನು ಕರೆತಂದದ್ದು ಯಾರು?" ಎಂದರು ಡಾಕ್ಟರು. ಚೇಚಿ ಮುಂದೆ ಬಂದರು. ಡಾಕ್ಟರು ಅವರನ್ನೂ, ಬಾಗಿಲಾಚೆಯ ಬೋಗುಣಿಯನ್ನೂ ನೋಡಿ, ಅಷ್ಟೇ ಮೆಲ್ಲಗೆ ಕೇಳಿದರು. "ಬಂಗಡೆಯಾ? ಇವತ್ತಿಂದೇ ತಾನೇ?"

ಆಮೆನ್ ಯಾರು ಹೇಳಬೇಕು

ಆಪರೇಷನ್ನಿಗೆ ನಾಲ್ಕು ದಿನ ಕಾಯಬೇಕಿತ್ತು. ಆ ನಾಲ್ಕು ದಿನ ನನಗಾಗಿ ಪ್ರಾರ್ಥಿಸಲು ಬಂದವರನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಆಗ ತುಂಬಿದ್ದು ನಿದ್ದೆಯಿಲ್ಲದೆ.

ನಾವು ಹೋಗುವ ಇಂಗ್ಲಿಷ್ ಆರಾಧನೆಯವರು ಬಂದರು. ಹೆಂಡತಿಯ ಪ್ರಾರ್ಥನಾ ಕೂಟದ ಹೆಂಗಸರು ಬಂದರು. ಪಕ್ಕದ ಹಾಸಿಗೆಯವರಿಗಾಗಿ ಬಂದ ಪೆಂತೆಕೋಸ್ತಿನವರು, ಹೇಗೂ ಬಂದಿದ್ದೇವೆ ಎಂದು ನನ್ನ ಮೇಲೂ ಕೈಯಿಟ್ಟರು. ಎಲ್ಲರೂ ದೇವರಿಗೆ ನನ್ನ ಕಾಯಿಲೆಯನ್ನು ಮೊದಲಿನಿಂದ ವಿವರಿಸುತ್ತಿದ್ದರು. ಒಬ್ಬರು ನನ್ನ ಮೂರು ಅಡಚಣೆಗಳನ್ನು ಎಡ ಬಲ ಹೇಳಿ ಬಿಡಿಬಿಡಿಯಾಗಿ ಒಪ್ಪಿಸಿದರು. ನಾನು ಸುಸ್ತಾಗಿ ಕಣ್ಣು ಮುಚ್ಚಿದರೆ ಭಕ್ತಿಯಲ್ಲಿ ಮುಳುಗಿದ್ದೇನೆಂದು ತಿಳಿದು ಇನ್ನೂ ಉದ್ದ ಮಾಡುತ್ತಿದ್ದರು.

ಡಾಕ್ಟರು ಮೊದಲ ದಿನ ಬಂದು ನೋಡಿದಾಗ ನನ್ನ ಮೈಮೇಲೆ ಆರು ಕೈಗಳಿದ್ದವು, ನಾಡಿ ಹಿಡಿಯಲು ಜಾಗವಿರಲಿಲ್ಲ. ಅವರು ಮರ್ಯಾದೆಯಿಂದ ಕೈಕಟ್ಟಿ ನಿಂತರು. ಐದು ನಿಮಿಷವಾಯಿತು, ಹತ್ತಾಯಿತು. ಪ್ರಾರ್ಥಿಸುವವರು ಉಸಿರು ತೆಗೆದುಕೊಳ್ಳಲು ಒಂದು ಕ್ಷಣ ನಿಲ್ಲಿಸಿದರು ನೋಡಿ, ಡಾಕ್ಟರು ಗಟ್ಟಿಯಾಗಿ "ಆಮೆನ್" ಎಂದುಬಿಟ್ಟರು. ಅಭ್ಯಾಸಬಲದಿಂದ ಎಲ್ಲರೂ "ಆಮೆನ್" ಎಂದು ಕಣ್ಣು ಬಿಟ್ಟರು. ಎರಡನೇ ದಿನದಿಂದ ಇದೇ ಕ್ರಮವಾಯಿತು. ಆ ವಾರ್ಡಿನಲ್ಲಿ ಹೊತ್ತು ನೋಡಿ ಆಮೆನ್ ಹೇಳುವುದರಲ್ಲಿ ಅವರಷ್ಟು ಪಳಗಿದವರು ಇನ್ನೊಬ್ಬರಿರಲಿಲ್ಲ.

ಆಪರೇಷನ್ ದಿನ ಬೆಳಗ್ಗೆ ನಾವು ನಾಲ್ವರೇ ಇದ್ದೆವು. ಪ್ರಾರ್ಥನೆ ಮಾಡಲು ಅವ್ವನಿಗೆ ಹೇಳಿದೆ. ಅವ್ವ ಮನೆಯಲ್ಲಿ ಪ್ರಾರ್ಥನೆಗೆ ಕೂತರೆ ಆದಾಮನಿಂದ ಶುರುಮಾಡಿ ಪಕ್ಕದ ಮನೆಯ ಬೆಕ್ಕಿನ ತನಕ ಬರುತ್ತಾಳೆ. ಅಂದು ನನ್ನ ಹೆಬ್ಬೆರಳು ಹಿಡಿದುಕೊಂಡು ಕಣ್ಣು ಮುಚ್ಚಿದಳು.

"ಯಪ್ಪಾ ತಂದೀ, ಇವನ್ನ ನೋಡ್ಕೋ. ನನಗ ಮಾತ ಬರವಲ್ದು."

ಅಷ್ಟೇ. ನನಗೆ ಮೊದಲ ಸಲ ಸಾವಿನ ಭಯ ಸರಿಯಾಗಿ ಹಿಡಿಯಿತು. ಹೆಂಡತಿ, ಮಗಳು, ಯಾರಿಗೂ ಆಮೆನ್ ಎನ್ನಲು ದನಿ ಹೊರಡಲಿಲ್ಲ. ಬಾಗಿಲ ಹತ್ತಿರ ಯಾವಾಗ ಬಂದು ನಿಂತಿದ್ದರೋ, ಡಾಕ್ಟರೇ ಮೆತ್ತಗೆ ಹೇಳಿದರು. "ಆಮೆನ್."

ಅವ್ವನಿಗೆ ಅದರಿಂದ ಎಷ್ಟು ಧೈರ್ಯ ಬಂತೆಂದರೆ, ಇವತ್ತಿಗೂ ಅವರನ್ನು ಒಳ್ಳೆಯ ಕ್ರೈಸ್ತ ಡಾಕ್ಟರು ಎಂದೇ ಹೊಗಳುತ್ತಾಳೆ. ಹಣೆಯ ಚಂದನದ ಬಗ್ಗೆ ಕೇಳಿದರೆ, "ಇಲ್ಲೀ ಮಂದಿದು ಏನೋ ಪದ್ಧತಿ ಇರಬೇಕು" ಎನ್ನುತ್ತಾಳೆ.

ಹೂವಿನ ಪೆಟ್ಟಿಗೆ

ಆಪರೇಷನ್ ಆಯಿತು. ಎಂಟು ದಿನ ಆಸ್ಪತ್ರೆಯಲ್ಲೇ ಇರಬೇಕೆಂದರು. ಹೆಂಡತಿ ನನ್ನ ಜೊತೆ, ಅವ್ವ ಮೊಮ್ಮಗಳ ಜೊತೆ ಮನೆಯಲ್ಲಿ. ಸುಮ್ಮನೆ ಕೂರಲಾಗದೆ ಅವ್ವ ದಿನಾ ಬೆಳಗ್ಗೆ ಆರಕ್ಕೆ ಚೇಚಿಯವರ ಓಣಿಯ ಕ್ಯಾಥೊಲಿಕ್ ಚರ್ಚಿಗೆ ಹೋಗತೊಡಗಿದಳು. ನಡೆದರೆ ಐದು ನಿಮಿಷ. ಪೂಜೆ ಮಲಯಾಳದಲ್ಲಿ, ಒಂದಕ್ಷರ ತಿಳಿಯದು. ಎಲ್ಲರೂ ಎದ್ದಾಗ ಏಳುವುದು, ಮೊಣಕಾಲೂರಿದಾಗ ಊರುವುದು, ನಡುವೆ ತನ್ನ ಕನ್ನಡದ ಪ್ರಾರ್ಥನೆ ತಾನು ಮಾಡುವುದು.

ಅಲ್ಲಿ ಬಾಗಿಲ ಬಳಿ ಎರಡು ಪೆಟ್ಟಿಗೆಗಳಿದ್ದವು. ಜನ ಹೆಸರು ಬರೆದ ಚೀಟಿ ಹಾಕುತ್ತಿದ್ದರು, ಪಾದ್ರಿಗಳು ಆ ಹೆಸರು ಓದಿ ಪ್ರಾರ್ಥಿಸುತ್ತಿದ್ದರು. ಅವ್ವ ಇದನ್ನು ಮೂರು ದಿನ ಗಮನಿಸಿದಳು. ಒಂದು ಪೆಟ್ಟಿಗೆ ಹಳೆಯದು, ಬಣ್ಣ ಹೋದದ್ದು. ಇನ್ನೊಂದಕ್ಕೆ ಹೂಮಾಲೆ, ಅಕ್ಕಪಕ್ಕ ಮೇಣದಬತ್ತಿ. ಜನ ಅದರಲ್ಲೇ ಹೆಚ್ಚು ಹಾಕುತ್ತಿದ್ದರು. ಅವ್ವ ಯೋಚಿಸಿದಳು. ಸಣ್ಣಪುಟ್ಟ ನೆಗಡಿ ಜ್ವರಕ್ಕೆ ಹಳೆಯದು, ದೊಡ್ಡ ಆಪರೇಷನ್ನಿಗೆ ಹೂವಿನದು! ಮೊಮ್ಮಗಳ ಕೈಯಲ್ಲಿ ನನ್ನ ಹೆಸರನ್ನು, ನಮ್ಮಪ್ಪನ ಹೆಸರು ಮನೆತನದ ಹೆಸರು ಸಮೇತ ಮಲಯಾಳದಲ್ಲಿ ಬರೆಸಿಕೊಂಡು, ಹೂವಿನ ಪೆಟ್ಟಿಗೆಗೆ ಹಾಕಿ ಬಂದಳು.

ಅದು ನವೆಂಬರ್ ತಿಂಗಳು. ಕ್ಯಾಥೊಲಿಕರಿಗೆ ನವೆಂಬರ್ ತೀರಿಹೋದವರನ್ನು ನೆನೆಯುವ ತಿಂಗಳು. ಹೂವಿನ ಪೆಟ್ಟಿಗೆ ಸತ್ತವರ ಹೆಸರಿಗೆ.

ನಮ್ಮ ಕಡೆ ಸತ್ತವರಿಗಾಗಿ ಪ್ರಾರ್ಥಿಸುವ ಪದ್ಧತಿಯೇ ಇಲ್ಲ. ಚೀಟಿ ಎಂದರೆ ಬದುಕಿದವರದ್ದು ಎಂದೇ ಅವ್ವನಿಗೆ ಗೊತ್ತಿದ್ದದ್ದು. ನಾನು ಮನೆಗೆ ಬರುವ ದಿನ ಬೆಳಗ್ಗೆ ಪಾದ್ರಿಗಳು ಮೈಕಿನಲ್ಲಿ ನನ್ನ ಹೆಸರು ಸ್ಪಷ್ಟವಾಗಿ ಓದಿ, ಈ ಆತ್ಮಕ್ಕೆ ನಿತ್ಯಶಾಂತಿ ಸಿಗಲಿ ಎಂದರು. ಅವ್ವನಿಗೆ ತಿಳಿದದ್ದು ಮಗನ ಹೆಸರು ಮಾತ್ರ. ಆನಂದದಿಂದ ಕಣ್ಣೀರು ಹಾಕಿದಳು. ಮೀನಿನ ಚೇಚಿಯ ಅತ್ತಿಗೆ, ಓಣಿಯ ಹೆಂಗಸರು, ಎಲ್ಲರೂ ಬಂದು ಅವಳ ಕೈಹಿಡಿದು ಅತ್ತರು. ಎಂಥಾ ಪ್ರೀತಿಯ ಮಂದಿ ಎಂದು ಅವ್ವ ಇನ್ನೂ ಅತ್ತಳು. ಅಷ್ಟು ವರ್ಷದಲ್ಲಿ ಕಲಿತಿದ್ದ ಎರಡೇ ಮಲಯಾಳ ಶಬ್ದ ತೆಗೆದು, "ಇನ್ನ್, ವೀಡ್" ಎಂದಳು. ಇವತ್ತು, ಮನೆಗೆ. ಹೆಂಗಸರು ತಲೆಯಾಡಿಸಿದರು. ದೇಹ ಇವತ್ತು ಮನೆಗೆ ಬರುತ್ತದೆ ಎಂದು ಓಣಿಗೆಲ್ಲ ಸುದ್ದಿಯಾಯಿತು.

ದೇಹ ಹನ್ನೊಂದು ಗಂಟೆಗೆ ಮನೆಗೆ ಬಂತು. ಎದೆಗೆ ಪಟ್ಟಿ ಬಿಗಿದುಕೊಂಡು, ಕೆಮ್ಮು ಬಂದರೆ ಅವಚಿಕೊಳ್ಳಲು ದಿಂಬು ಹಿಡಿದು ಕುರ್ಚಿಯಲ್ಲಿ ಕೂತಿದ್ದೆ. ಹೆಂಡತಿ ಔಷಧಿ ಅಂಗಡಿಗೆ ಹೋಗಿದ್ದಳು. ಮಗಳು ಕಾಲೇಜಿನಲ್ಲಿ, ಅವ್ವ ಅಡುಗೆಮನೆಯಲ್ಲಿ. ಒಂದು ಗಂಟೆಯ ಹೊತ್ತಿಗೆ ಬೆಲ್ ಆಯಿತು. ನಾನೇ ನಿಧಾನವಾಗಿ ಹೋಗಿ ಬಾಗಿಲು ತೆಗೆದೆ.

ಎದುರಿಗೆ ಮೀನಿನ ಚೇಚಿ. ಕೈಯಲ್ಲಿ ದೊಡ್ಡ ಗಂಜಿಯ ಪಾತ್ರೆ, ಅತ್ತು ಅತ್ತು ಊದಿದ ಮುಖ. ಹಿಂದೆ ಮೆಟ್ಟಿಲ ತುಂಬ ಹತ್ತು ಹನ್ನೆರಡು ಹೆಂಗಸರು. ಅವರ ಹಿಂದೆ ಪುಸ್ತಕ ಹಿಡಿದ ಪಾದ್ರಿಗಳು. ಇಬ್ಬರು ಹೆಂಗಸರು ಶಿಲುಬೆಯ ಗುರುತು ಹಾಕಿಕೊಂಡು ಎರಡು ಮೆಟ್ಟಿಲು ಹಿಂದೆ ಸರಿದರು.

ಚೇಚಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಸಾರೇ! ನೀವು ಸತ್ತಿಲ್ವಾ?"

ಅವರ ದನಿಯಲ್ಲಿದ್ದ ಆರೋಪಕ್ಕೆ ನಾನು ಗಾಬರಿಯಾಗಿ, "ಇಲ್ಲ ಚೇಚಿ, ಕ್ಷಮಿಸಿ" ಎಂದೆ.

ಅವ್ವ ಸೌಟು ಹಿಡಿದು ಹೊರಗೆ ಬಂದು, "ಬರ್ರೀ, ಎಲ್ಲಾರೂ ಬರ್ರೀ" ಎಂದು ಹಿಗ್ಗಿ ಸ್ವಾಗತಿಸಿದಳು. ಒಳಗೆ ಕೂತು ಪಾದ್ರಿಗಳು ಕೇಳಿದರು, ಅವ್ವ ಹೇಳಿದಳು, ನಾನು ನಡುವೆ ಅನುವಾದಿಸಿದೆ. ಹೂವಿನ ಪೆಟ್ಟಿಗೆಯ ಗುಟ್ಟು ತಿಳಿದಾಗ ಅವ್ವ ಮೊದಲು ವಾದಕ್ಕೇ ನಿಂತಳು. "ಸತ್ತವರಿಗೆ ಎಂಥಾ ಪ್ರಾರ್ಥನಾ? ಅವರದು ರಿಸಲ್ಟ ಬಂದಿರ್ತೈತಿ. ಪ್ರಾರ್ಥನಾ ಬೇಕಾದ್ದು ಪರೀಕ್ಷಾ ಬರಿಯೋರಿಗೆ." ಇದನ್ನೂ ಅನುವಾದಿಸಿದೆ, ಈ ಸಲ ಪೂರ್ತಿ. ಪಾದ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆಮೇಲೆ ಅವ್ವನಿಗೆ ತಾನು ಮಾಡಿದ್ದೇನೆಂದು ಹೊಳೆಯಿತು. ಸೌಟು ಕೆಳಗೆ ಬಿತ್ತು. "ನನ್ನ ಕೈಯಾರ ನಾನ ಹಾಕಿ ಬಂದೆನಲ್ಲೋ ತಮ್ಮಾ..." ಎಂದು ನನ್ನ ಕೈ ಹಿಡಿದುಕೊಂಡಳು. ಚೇಚಿಗೆ ಮಾತು ತಿಳಿಯದಿದ್ದರೂ ಸಂಕಟ ತಿಳಿಯಿತು. ಅವ್ವನನ್ನು ತಬ್ಬಿ ಹಿಡಿದು ಬೆನ್ನು ಸವರಿದರು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ನಾನು ಅವ್ವನಿಗೆ ಹೇಳಿದೆ. ಹೇಳುತ್ತಾ ಸುತ್ತ ನೋಡಿದೆ. ಮೀನು ಕೊಳ್ಳುವಾಗ ಎರಡು ಮಾತು ಆಡಿದ್ದರೆ ಹೆಚ್ಚು ಎನ್ನುವಷ್ಟೇ ಪರಿಚಯದ ಜನ, ಪರವೂರಿನ ನನ್ನಂಥವನಿಗಾಗಿ ಅರ್ಧ ದಿನದ ಕೆಲಸ ಬಿಟ್ಟು ಅತ್ತು ಬಂದಿದ್ದರು. ತನ್ನ ಸಾವಿಗೆ ಯಾರು ಬರುತ್ತಾರೆಂದು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ನನಗೆ ಸಿಕ್ಕಿತು. ದೇವರೇ, ನಿನಗೆ ಸ್ತೋತ್ರ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಗಂಜಿಯ ಪಾತ್ರೆ ನಡುಮನೆಯಲ್ಲೇ ಇತ್ತು. ಅವರ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಗಂಜಿ ಮತ್ತು ಹೆಸರುಕಾಳಿನ ಪಲ್ಯ ತರುತ್ತಾರೆ. ತಂದದ್ದನ್ನು ವಾಪಸು ಒಯ್ಯಬಾರದು ಎಂದರು ಚೇಚಿ. ಹಾಗಾಗಿ ಎಲ್ಲರೂ ನೆಲದ ಮೇಲೆ ಕೂತೆವು. ಪಾದ್ರಿಗಳು ಎರಡೇ ಮಾತಿನಲ್ಲಿ ಪ್ರಾರ್ಥಿಸಿದರು, ಚೇಚಿ ಮೊದಲು ನನಗೆ ಬಡಿಸಿದರು.

ನನ್ನ ಸಾವಿನ ಗಂಜಿಯನ್ನು ನಾನೇ ಉಂಡೆ. ಅಳುತ್ತಾ ಮಾಡಿದ ಅಡುಗೆ, ಚೇಚಿ ಉಪ್ಪು ಹಾಕುವುದನ್ನೇ ಮರೆತಿದ್ದರು. ಡಾಕ್ಟರು ನನಗೆ ಬರೆದುಕೊಟ್ಟದ್ದೂ ಅದನ್ನೇ, ಉಪ್ಪಿಲ್ಲದ ಗಂಜಿ. ಖಾಲಿಯಾದ ಬಟ್ಟಲು ಮುಂದೆ ಹಿಡಿದು ಇನ್ನೊಂದು ಸೌಟು ಕೇಳಿದೆ.

ಚೇಚಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಬಡಿಸಿದರು. "ಎಷ್ಟೋ ಸಾವಿನ ಮನೆಗೆ ಗಂಜಿ ಒಯ್ದಿದ್ದೀನಿ ಸಾರೇ," ಎಂದರು, "ಸತ್ತವರೇ ಎರಡನೇ ಸಲ ಬಡಿಸಿಕೊಂಡದ್ದು ಇದೇ ಮೊದಲು."